ತಿಳಿನೀರಿನ ಬಾಟಲಿಗಳು

ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದು ಬಾಯಿ ತಪ್ಪಿ ಯಾರ ಮುಂದಾದರೂ ಹೇಳಿದೆನೋ, ಮುಗಿಯಿತು. "ಹಂಗಾದ್ರ ನಮ್ಮ ಬೋರಿನ ನೀರ ಕುಡಿಯಾಕ ಚಲೋ ಐತೇನ್ ನೋಡಿ ಹೇಳ್ರಿ." ಬೈಲಹೊಂಗಲದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಸಿಪಾಯಿಯಿಂದ ಹಿಡಿದು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವರ ತನಕ ಎಲ್ಲರದೂ ಇದೇ ಮಾತು. ನನ್ನ ಕೆಲಸ ಅದನ್ನು ಹೇಳುವುದಿಲ್ಲ. ಈ ನೀರು ಎಲ್ಲಿಂದ ಬಂತು ಎಂಬುದನ್ನಷ್ಟೇ ಹೇಳುತ್ತದೆ. ಹಾಗೆಂದರೆ, "ಎಲ್ಲಿಂದರ ಬರಲಿ ತಗೋರಿ, ಬಂದ್ರ ಸಾಕಾಗೇತಿ" ಎಂದು ನಗುತ್ತಾರೆ. ಆ ನಗು ಕೇಳಿ ಕೇಳಿ ನನಗೆ ಸಾಕಾಗಿದೆ.

ವಿಷಯವೇನೋ ಸರಳ. ನೀರೆಲ್ಲ ಒಂದೇ ತೂಕದ್ದಲ್ಲ. ಅದರ ಕೆಲವು ಅಣುಗಳಲ್ಲಿನ ಪರಮಾಣುಗಳು ಉಳಿದವಕ್ಕಿಂತ ತುಸು ಭಾರ. ಇದನ್ನೇ ಐಸೋಟೋಪು ಎಂದು ದೊಡ್ಡ ಹೆಸರಿಟ್ಟು ಕರೆಯುತ್ತೇವೆ. ಬಿಸಿಲು ಹಗುರಾದದ್ದನ್ನು ಮೊದಲು ಎತ್ತಿಕೊಂಡು ಹೋಗುತ್ತದೆ. ಜೋಳ ತೂರಿದಾಗ ಹೊಟ್ಟು ಹಾರಿ ಕಾಳು ಕಾಲ ಬುಡದಲ್ಲೇ ಬೀಳುವಂತೆ, ಭಾರದ್ದು ಹಿಂದೆ ಉಳಿಯುತ್ತದೆ. ಹಾಗಾಗಿ ಅಣೆಕಟ್ಟಿನಲ್ಲಿ ತಿಂಗಳುಗಟ್ಟಲೆ ಬಿಸಿಲುಂಡು ನಿಂತ ನೀರು ಭಾರ. ಮಳೆಯಾಗಿ ಬಿದ್ದು ಕೂಡಲೇ ನೆಲಕ್ಕಿಳಿದದ್ದು ಹಗುರ. ಕಣ್ಣಿಗೂ ನಾಲಿಗೆಗೂ ಸಿಗದ ಈ ವ್ಯತ್ಯಾಸವನ್ನು ದೂರದ ಊರಿನ ಪ್ರಯೋಗಾಲಯದ ಯಂತ್ರವೊಂದು ಅಳೆಯುತ್ತದೆ. ಅದಕ್ಕೆ ಕೊಡುವ ಬಾಟಲಿ ಕಂಠಮಟ್ಟ ತುಂಬಿರಬೇಕು, ಒಳಗೆ ಒಂದು ಗುಳ್ಳೆಯೂ ಇರಬಾರದು. ಇಂಥ ಬಾಟಲಿಗಳ ಚೀಲ ಹೊತ್ತು, ಹುಣ್ಣಿಮೆಯ ದಿನ ದೇವಿಯ ಗುಡ್ಡಕ್ಕೆ ಹೋದವರಿಂದ ತುಂಬಿದ ಸವದತ್ತಿಯ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತಿರುವಾಗ ಕಂಡಕ್ಟರ್ "ಏನ್ರಿ ಅದು, ಗುಡ್ಡದ ತೀರ್ಥಾನ?" ಎಂದು ಕೇಳಿದರೆ, ಅಲ್ಲಪ್ಪಾ, ಹಳ್ಳದ ನೀರು ಎನ್ನಲು ನಾಚಿಕೆಯಾಗುತ್ತದೆ.

ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ಕಟಕೋಳದ ಆಚೆ ಹಳ್ಳದ ದಂಡೆಯಲ್ಲಿ ಹೊಲವಿದ್ದ ಒಬ್ಬ ಹೆಂಗಸು. ಗಂಡ ಟೆಂಪೋ ಓಡಿಸುತ್ತಿದ್ದರು, ಒಕ್ಕಲುತನವೆಲ್ಲ ಇವರದೇ. ಎರಡನೆಯ ಭೇಟಿಗೇ ನಾನು ಅವರನ್ನು ಚಿಕ್ಕಮ್ಮನನ್ನು ಕರೆದಂತೆ ಕಾಕು ಎನ್ನತೊಡಗಿದ್ದೆ. ಅವರ ಬಾವಿ ಯಾವ ಬೇಸಿಗೆಯಲ್ಲೂ ಬತ್ತಿರಲಿಲ್ಲ. ಆದರೆ ಹೊಲದ ಮೇಲ್ಗಡೆ ಅಣೆಕಟ್ಟಿನ ಕಾಲುವೆ ಹಾಯ್ದಿತ್ತು, ಅದು ಸೋರದಂತೆ ಸಿಮೆಂಟು ಹಾಕುತ್ತಾರೆ ಎಂಬ ಸುದ್ದಿ ಊರಲ್ಲೆಲ್ಲ ಹಬ್ಬಿತ್ತು. ಬಾವಿಗೆ ಬರುತ್ತಿದ್ದುದು ಕಾಲುವೆಯ ಸೋರಿಕೆಯಾಗಿದ್ದರೆ ಸಿಮೆಂಟು ಬಿದ್ದ ಮೇಲೆ ಬಾವಿಯ ಕಥೆ ಮುಗಿದಂತೆ. ಕಾಕು ಬಚ್ಚಲ ನೀರು ಹರಿಯುವಲ್ಲಿ ಪ್ಲಾಸ್ಟಿಕ್ ಚೀಲಗಳ ಸಾಲು ಹಚ್ಚಿ ನಿಂಬೆ ಸಸಿ ಬೆಳೆಸಿದ್ದರು. ಹೊಲದ ತುಂಬ ನಿಂಬೆ ಹಚ್ಚುವುದು ಅವರ ಬಹಳ ದಿನದ ಆಸೆ.

"ನಿಂಬಿ ಅಂದ್ರ ಕೂಸಿನ ಜ್ವಾಪಾನ ಮಾಡಿದಂಗ್ರಿ ಅಕ್ಕಾರ. ನಡುವ ನೀರ ತಪ್ಪಿದ್ರ ಹೋತು. ಈ ಬಾವಿ ನೀರ ನಂದೋ ಕಾಲುವೀದೋ, ಅಷ್ಟ ಹೇಳ್ರಿ ಸಾಕು."

ನನಗೆ ಆದ ಸಂತೋಷ ಹೇಳತೀರದು. ತಿಂಗಳಿಗೊಂದು ಬಾಟಲಿ ತುಂಬಿಡಿ ಎಂದು ಖಾಲಿ ಬಾಟಲಿಗಳ ಡಬ್ಬಿಯನ್ನು ಅವರ ಮನೆಯಲ್ಲೇ ಇಟ್ಟೆ. ಪ್ರತಿಯೊಂದರ ಮೇಲೂ ಚೀಟಿ ಅಂಟಿಸಿ ಅವರ ಹೆಸರು ಬರೆದೆ. ಹಗ್ಗಕ್ಕೆ ತಂಬಿಗೆ ಕಟ್ಟಿ ಬಾವಿಯೊಳಗೆ ಇಳಿಬಿಟ್ಟು, ಗುಳ್ಳೆಯಿಲ್ಲದೆ ತುಂಬುವುದು ಹೇಗೆಂದು ತೋರಿಸಿಕೊಟ್ಟೆ. ಅವರು ನನಗಿಂತ ಚೆನ್ನಾಗಿ ತುಂಬಿದರು.

ಫಲಿತಾಂಶ ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿತ್ತು. ಮಳೆಗಾಲದ ಬಾಟಲಿಗಳಲ್ಲಿ ಹಗುರ ನೀರು. ಚಳಿ ಕಳೆದ ಮೇಲಿನವುಗಳಲ್ಲೆಲ್ಲ ಭಾರ, ಸಂಶಯಕ್ಕೆ ಎಡೆಯಿಲ್ಲದ ಅಣೆಕಟ್ಟಿನ ನೀರು. ಮಳೆ ಇರುವ ತನಕ ಮಳೆ, ಆಮೇಲೆ ಕಾಲುವೆ! ಕಾಗದದ ಮೇಲೆ ಬಹಳ ಅಂದವಾಗಿ ಕಂಡಿತು. ಖುದ್ದಾಗಿ ಹೋಗಿ ಹೇಳಿದೆ. ಕಾಕು ಚಹಾ ಕೊಟ್ಟರು. ಆ ವಾರವೇ ಸಸಿಗಳನ್ನೆಲ್ಲ ಗಂಡನ ಟೆಂಪೋದಲ್ಲಿ ಹೇರಿ ತೊರಗಲ್ಲಿನ ತಂಗಿಯ ಮನೆಗೆ ಕಳಿಸಿಬಿಟ್ಟರಂತೆ.

ಮೊದಲ ಮಳೆ ಬಿದ್ದ ಮೇಲೆ, ಕೊನೆಯದೊಂದು ಬಾಟಲಿಗೆಂದು ಮತ್ತೆ ಹೋದೆ. ಕಾಕು ನನ್ನ ಕೈಯಿಂದ ಬಾಟಲಿ ಇಸಿದುಕೊಂಡು ಹೊಲದ ಕಡೆ ಹೋಗಲಿಲ್ಲ, ಅಡುಗೆಮನೆಯೊಳಗೆ ಹೋದರು. ತಾಮ್ರದ ಕೊಡದಿಂದ, ಬಟ್ಟೆಯಲ್ಲಿ ಸೋಸಿ, ತುಳುಕುವ ಹಾಗೆ ತುಂಬಿ, ಮುಚ್ಚಳ ಬಿಗಿದು, ಸೆರಗಿನಿಂದ ಒರೆಸಿ ತಂದು ಕೊಟ್ಟರು.

"ಕಾಕು, ಇದು ಎಲ್ಲೀ ನೀರು?"

"ನಳದ್ದರಿ. ಬಾವಿ ನೀರ ಹೊಸಾ ಮಳಿಗೆ ರಾಡಿ ಆಗೇತಿ, ಅದನ್ನ ಹ್ಯಾಂಗ ಕೊಡೂದು?"

ಆ ಊರಿನ ನಳಕ್ಕೆ ಬರುವುದು ಅಣೆಕಟ್ಟಿನ ನೀರು.

"ಬ್ಯಾಸಗ್ಯಾಗ?"

"ಬ್ಯಾಸಗ್ಯಾಗೂ ನಳದ್ದ ತುಂಬೇನ್ರಿ. ನೀರ ಕೆಳಗ ಹೋಗಿ ಪಾಚಿ ಕಟ್ಟಿತ್ತು. ಚಲೋ ಇದ್ದಾಗ ಬಾವೀದ ಹಾಕೇನಲ್ಲ! ಬಾಟ್ಲಿ ಮ್ಯಾಲೆ ನಮ್ಮ ಮನಿ ಹೆಸರ ಐತಿ, ದೊಡ್ಡ ಊರಾಗ ನಾಕ ಮಂದಿ ನೋಡತಾರ. ಹೊಲಸ ನೀರ ಹ್ಯಾಂಗ ಕಳಸೂದ್ರಿ?"

ಸಿಟ್ಟು ನೆತ್ತಿಗೇರಿತು. ಬಾವಿಯದೇ ಬೇಕು, ಬಾವಿಯದೇ ಬೇಕು ಎಂದು ಹೋದಾಗಲೆಲ್ಲ ಬಡಿದುಕೊಂಡಿದ್ದೆ. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಏನೆಂದು ಬೈಯುವುದು? ಹೆಣ್ಣು ನೋಡಲು ಬರುತ್ತಾರೆಂದರೆ ಮಗಳಿಗೆ ಮುಖ ತೊಳೆಸಿ ಒಳ್ಳೆಯ ಸೀರೆ ಉಡಿಸದ ತಾಯಿ ಯಾರಿದ್ದಾರೆ? ಯಂತ್ರವೂ ತಪ್ಪು ಮಾಡಿರಲಿಲ್ಲ. ಅಣೆಕಟ್ಟಿನ ನೀರನ್ನು ಅಣೆಕಟ್ಟಿನ ನೀರೆಂದೇ ಹೇಳಿತ್ತು. ಯಾರ ಮೇಲೂ ಹಾಕಲಾಗದ ಸಿಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ.

ಕಾಕು ಮೆಲ್ಲಗೆ ಕೇಳಿದರು: "ಅಂದ್ರ ಬಾವಿ ನೀರ ನಂದ ಇದ್ದರೂ ಇರಬಹುದು?"

"ಇರಬಹುದು. ಇಲ್ಲದನೂ ಇರಬಹುದು. ಬ್ಯಾಸಗಿ ನೀರ ನೋಡೂತನಕ ಹೇಳಾಕ ಬರೂದಿಲ್ಲ ಕಾಕು."

ಮೇಲ್ಗಡೆ ಕಾಲುವೆಯ ಏರಿಯ ಮೇಲೆ ಆಗಲೇ ಜೆಸಿಬಿ ಸದ್ದು ಮಾಡುತ್ತಿತ್ತು. ಕಾಕು ಅತ್ತ ಕೈ ತೋರಿಸಿದರು.

"ಅಷ್ಟ್ರಾಗ ಸಿಮೆಂಟ ಮುಗೀತೈತ್ರಿ. ಆವಾಗ ನಿಮ್ಮ ಬಾಟ್ಲಿ ಯಾಕ ಬೇಕು? ಬಾವೀನ ಹೇಳತೈತಿ."

ಇಷ್ಟು ವರ್ಷದಲ್ಲಿ ಒಬ್ಬರು, ಒಬ್ಬರೇ ಒಬ್ಬರು ಕೇಳಬೇಕಾದದ್ದನ್ನು ಕೇಳಿದ್ದರು. ಅವರಿಗೂ ಹೇಳಲಾಗಲಿಲ್ಲ. ಚೀಲ ಹೆಗಲಿಗೇರಿಸಿ ಎದ್ದೆ. ಕಾಕು ರಸ್ತೆಯ ತನಕ ಕಳಿಸಲು ಬಂದರು. ಬಚ್ಚಲ ಪಕ್ಕದಲ್ಲಿ ಸಸಿಯ ಚೀಲಗಳಿದ್ದ ಜಾಗದಲ್ಲಿ ದುಂಡನೆಯ ಗುರುತುಗಳು ಇನ್ನೂ ಅಳಿಸಿರಲಿಲ್ಲ.

ಬಸ್ಸು ಬಂತು. ಅವರು ತಾವು ತುಂಬಿದ ಬಾಟಲಿಯನ್ನು ಬಿಡದೆ ನನ್ನ ಕೈಗಿಟ್ಟರು. ಒಳಗೆ ಒಂದೇ ಒಂದು ಗುಳ್ಳೆಯೂ ಇರಲಿಲ್ಲ.

"ಮೊನ್ನೆ ತೊರಗಲ್ಲಿಂದ ನಮ್ಮ ತಂಗಿ ಫೋನ್ ಮಾಡಿದ್ಲರಿ ಅಕ್ಕಾರ" ಎಂದರು. "ನಿಂಬಿ ಒಂದೂ ಸತ್ತಿಲ್ಲಂತ. ಎಲ್ಲಾ ಚಿಗತಾವಂತ."