ಕೆಂಪು ಗೂಟದಾಚೆಯ ಒಂದೆಲಗ

ಈ ಊರಿಗೆ ಬಂದ ಮೊದಲ ದಿನ ಮನೆಯೊಡತಿ ನನಗೆ ತೋರಿಸಿದ್ದು ಬಚ್ಚಲನ್ನಲ್ಲ, ಬಾವಿಯನ್ನಲ್ಲ. ಎಲ್ಲಿ ಕಾಲಿಡಬಾರದು ಎಂಬುದನ್ನು. ಹಿತ್ತಿಲ ಬೇಲಿಯಾಚೆ ಕೆಂಪು ಬಣ್ಣ ಬಳಿದ ಗೂಟಗಳ ಸಾಲು, ನಡುವೆ ತಲೆಬುರುಡೆಯ ಚಿತ್ರವಿದ್ದ ಹಲಗೆ. ಅದರಾಚೆ ಹುಲ್ಲು ಬೆಳೆದ ಬಯಲು, ನಾಲ್ಕಾರು ತಾಳೆಮರ. "ಅದು ನನ್ನದೇ ನೆಲ," ಎಂದಳು ಪುಷ್ಪಕ್ಕ, ಬಟ್ಟೆ ಹಿಂಡುತ್ತ. "ನನ್ನ ಕಾಲು ಹೋದದ್ದೂ ಅಲ್ಲೇ."

ಇದು ಶ್ರೀಲಂಕಾದ ಉತ್ತರಕ್ಕಿರುವ ವನ್ನಿ ಸೀಮೆ. ಯುದ್ಧ ಮುಗಿದು ವರ್ಷಗಳೇ ಆದರೂ ನೆಲದೊಳಗೆ ಹೂತಿಟ್ಟದ್ದು ಮುಗಿದಿಲ್ಲ. ಆ ನೆಲಬಾಂಬನ್ನು ಇಲ್ಲಿಯವರು ‘ಕಣ್ಣಿವೆಡಿ’ ಎನ್ನುತ್ತಾರೆ. ನಮ್ಮ ಕಡೆ ಕಣ್ಣಿ ಎಂದರೆ ದನ ಕಟ್ಟುವ ಹಗ್ಗ. ಇಲ್ಲಿ ಅದು ಪ್ರಾಣಿಯನ್ನು ಹಿಡಿಯುವ ಉರುಳು. ವೆಡಿ ಎಂದರೆ ಸಿಡಿಯುವಂಥದ್ದು.

ನಾನು ಹೊಸನಗರದವಳು. ಕೃತಕ ಕಾಲು ಮಾಡಿ ಕೂರಿಸುವ ಕೆಲಸ ಕಲಿತು ಈ ಪೇಟೆಯ ಕಾರ್ಯಾಗಾರಕ್ಕೆ ಬಂದೆ. ಇಲ್ಲಿ ಬರುವ ಗಂಡಸರು ಮೊದಲು ಕೇಳುವುದು, ಇದನ್ನು ಹಾಕಿಕೊಂಡು ಸೈಕಲ್ ತುಳಿಯಬಹುದೇ ಎಂದು. ಹೆಂಗಸರು ಕೇಳುವುದು ಬೇರೆ: ನೆಲದ ಮೇಲೆ ಕೂತು ಕಾಯಿ ತುರಿಯಬಹುದೇ? ಬಣ್ಣ ಇನ್ನೊಂದು ಕಾಲಿನಂತೆಯೇ ಇರುತ್ತದೆಯೇ? ಸೀರೆಯಡಿ ಗೊತ್ತಾಗುತ್ತದೆಯೇ? ಗಂಡ ಯುದ್ಧದಲ್ಲಿ ಹೋದಮೇಲೆ ಸೌದೆಗೆ, ನೀರಿಗೆ, ದನ ಹುಡುಕಲಿಕ್ಕೆ ಕಾಡು ಹೊಕ್ಕವರು ಇವರೇ. ಪುಷ್ಪಕ್ಕ ನಿರಾಶ್ರಿತರ ಶಿಬಿರದಿಂದ ಹಿಂತಿರುಗಿದ ವಾರವೇ ಒಲೆಗೆಂದು ಒಣಗಿದ ತಾಳೆಗರಿ ತರಲು ಹೋಗಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಅವಳ ಗಂಡ ಬದುಕಿದ್ದ, ಆರು ತಿಂಗಳು ನೋಡಿಕೊಂಡು, ಆಮೇಲೆ ಬೇರೆ ಊರಲ್ಲಿ ಬೇರೆ ಮನೆ ಮಾಡಿದ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಕೋಪವಿರಲಿಲ್ಲ. ನನಗೇ ಬಂತು.

ನಾನು ಅವಳ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೇನೆ. ತಮಿಳು ಕಲಿತದ್ದು ಅವಳ ಅಡುಗೆಮನೆಯಲ್ಲಿ. ಅವಳು ನನ್ನನ್ನು ತಂಗಚ್ಚಿ, ಅಂದರೆ ತಂಗಿ, ಎನ್ನುತ್ತಾಳೆ. ಇಲ್ಲಿಯ ಕೆಂಪಕ್ಕಿ ಅನ್ನ ನಮ್ಮಲ್ಲಿಯ ಕುಚ್ಚಲಕ್ಕಿಗೆ ದೂರದ ನೆಂಟ. ಸಾರಿನ ಖಾರಕ್ಕೆ ಮಾತ್ರ ಮೊದಲ ತಿಂಗಳು ಕಣ್ಣಲ್ಲಿ ನೀರು. ಮನೆ ನೆನಪಾಗಿ ಅತ್ತರೂ ಖಾರಕ್ಕೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

ಮಳೆಗಾಲ ಮುಗಿಯುತ್ತಿದ್ದಾಗ ಹುಂಚದಿಂದ ನಮ್ಮ ಸಾವಿತ್ರತ್ತೆ ಬಂದಳು. ಅಪ್ಪನ ಅಕ್ಕ. ನನ್ನ ತಮ್ಮ ಅವಳನ್ನು ಚೆನ್ನೈಯಲ್ಲಿ ವಿಮಾನ ಹತ್ತಿಸಿದ. ನನ್ನನ್ನು ನೋಡಿದವಳೇ, "ಎಂಥ ಮಾರಾಯ್ತಿ, ಇಷ್ಟು ಕರೀಗಾಗಿದೀಯ! ಇಲ್ಲಿ ಸೂರ್ಯ ಬಾಡಿಗೆಗಿದಾನಾ?" ಎಂದಳು. ಪುಷ್ಪಕ್ಕನಿಗೂ ಅವಳಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೆ ಮೊದಲ ಸಂಜೆಯೇ ಇಬ್ಬರೂ ಕಾಯಿ ತುರಿಯುತ್ತ ಏನೋ ಹೇಳಿಕೊಂಡು ನಗುತ್ತಿದ್ದರು.

ಹಿತ್ತಿಲ ನೆಲದ ಕಥೆ ಹೇಳಿದೆ. ಅತ್ತೆಯೂ ಅಪ್ಪನೂ ಹುಟ್ಟಿದ್ದು ತುಮರಿಯ ಕಡೆ. ಆ ಮನೆಯ ಗದ್ದೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದೆ. "ನಮ್ಮದು ನೀರಿನಡಿಗೆ ಹೋಯ್ತು, ಕಾಣೂದಿಲ್ಲ, ಮರ್ತ್ವಿ. ಪಾಪ, ಇವಳು ದಿನಾ ನೋಡ್ತಾ ಕೂರ್ಬೇಕಲ್ಲೇ," ಎಂದಳು. ಇಷ್ಟು ತಿಳಿದವಳಿಗೆ ಇನ್ನೇನು ಹೇಳುವುದಿದೆ ಎಂದುಕೊಂಡೆ. ಗೂಟ ಹಿತ್ತಿಲಲ್ಲಷ್ಟೇ ಅಲ್ಲ, ಊರ ತುಂಬ ಇದೆ ಎಂದು ಹೇಳಲಿಲ್ಲ. ಹೆದರಿ ನಾಳೆಯೇ ನನ್ನನ್ನೂ ಕಟ್ಟಿಕೊಂಡು ಹೊರಟಾಳು ಎಂಬ ಅಳುಕು.

ಮರುದಿನ ಬೆಳಿಗ್ಗೆ ಮೂವರೂ ಕೆರೆಯ ಕಡೆ ಹೊರಟೆವು. ಇಲ್ಲಿಯ ಹೆಂಗಸರು ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು, ಮುಂದಿನವರ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಡೆಯುತ್ತಾರೆ. ಪುಷ್ಪಕ್ಕ ಮುಂದೆ, ನಾನು ನಡುವೆ, ಅತ್ತೆ ಕೊನೆಗೆ. ನಮ್ಮ ಕಡೆಯ ಹೆಂಗಸು ನೇರ ನಡೆದದ್ದುಂಟೇ? ದಾರಿಬದಿಯ ಸೊಪ್ಪಿಗೆ ಕೈಹಾಕದೆ ಮನೆ ಸೇರಿದವಳ ಊಟ ನಮ್ಮಲ್ಲಿ ಊಟವೇ ಅಲ್ಲ. ಹಿಂದಿನಿಂದ ಅತ್ತೆಯ ಸದ್ದಿಲ್ಲವೆಂದು ತಿರುಗಿದೆ.

ಅವಳು ದಾರಿಯಿಂದ ಏಳೆಂಟು ಮಾರು ಒಳಗಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಒಂದೆಲಗ ಕೊಯ್ಯುತ್ತಿದ್ದಳು. ಮಳೆಗೆ ಮಲಗಿದ ಕೆಂಪು ಗೂಟ ಅವಳ ಹಿಂದೆ ಕೆಸರಲ್ಲಿ ಬಿದ್ದಿತ್ತು.

"ನಿಲ್ಲು! ಅಸೈಯಾದೆ!" ಪುಷ್ಪಕ್ಕ ಕಿರುಚಿದಳು. ಅಲುಗಾಡಬೇಡ ಎಂದು.

ಅತ್ತೆ ತಲೆಯೆತ್ತಿ ನಕ್ಕಳು. "ಯಾರ್ದೋ ಜಾಗ ಅಂತ ಬೈತಿದಾಳಾ? ಒಂದು ಹಿಡಿ ಸೊಪ್ಪಿಗೆ ಎಂಥ ಗಲಾಟೆ! ತಂಬುಳಿ ಮಾಡಿ ಹಾಕ್ತೀನಿ ಅನ್ನು, ಸುಮ್ನಾಗ್ತಾಳೆ." ಎಂದವಳೇ ಇನ್ನೊಂದು ಹೆಜ್ಜೆ ಒಳಗೆ ಹೋದಳು. ಅಲ್ಲಿ ಸೊಪ್ಪು ಇನ್ನೂ ಎಳೆಯದಿತ್ತು.

ಕನ್ನಡದಲ್ಲಿ ಕೂಗಬೇಕಾದವಳು ನಾನು. ಬಾಯಿ ತೆರೆದೆ, ದನಿ ಬರಲಿಲ್ಲ. ಕಾಲೂ ಏಳಲಿಲ್ಲ. ನನ್ನನ್ನು ಬದಿಗೆ ಸರಿಸಿ ಪುಷ್ಪಕ್ಕ ಒಳಗಿಳಿದಳು. ಕೆಸರಿನಲ್ಲಿ ಅತ್ತೆಯ ಪಾದಗಳು ಮೂಡಿದ್ದವು. ತನ್ನ ಬಲಗಾಲನ್ನು ಒಂದರಲ್ಲಿಟ್ಟಳು. ನಾನೇ ಮಾಡಿಕೊಟ್ಟ ಎಡಗಾಲಿಗೆ ನೆಲ ತಿಳಿಯುವುದಿಲ್ಲ; ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಂದ ನೋಡಿ ನೋಡಿ ಇಟ್ಟಳು. ಅತ್ತೆಯನ್ನು ಮುಟ್ಟಿದವಳೇ ಮಣಿಕಟ್ಟು ಹಿಡಿದು ತಿರುಗಿಸಿ, ಅದೇ ಹೆಜ್ಜೆಗಳ ಮೇಲೆ ನಡೆಸಿಕೊಂಡು ಬಂದಳು.

ದಾರಿಗೆ ಬಂದಮೇಲೆ ನಾನು ವಿಷಯ ಹೇಳಿದೆ. ಅತ್ತೆ ಅಲ್ಲೇ ಕುಕ್ಕರಿಸಿದಳು. ಮಡಿಲ ಸೊಪ್ಪು ಬಿಡಲಿಲ್ಲ.

ಮನೆಯಲ್ಲಿ ಪುಷ್ಪಕ್ಕ ಆ ಸೊಪ್ಪನ್ನೇ ಸಣ್ಣಗೆ ಹೆಚ್ಚಿ, ಕಾಯಿತುರಿ ಈರುಳ್ಳಿ ಬೆರೆಸಿದಳು. ಒಂದೆಲಗಕ್ಕೆ ಇಲ್ಲಿ ವಲ್ಲಾರೈ ಎನ್ನುತ್ತಾರೆ. ಅವಳ ಮಗಳು ಮಲರ್ ಶಾಲೆಗೆ ಜಡೆ ಹೆಣೆದುಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಸುಮ್ಮನೆ ತಿಳಿದುಕೊಳ್ಳುವವಳಂತೆ, "ನೀವ್ಯಾಕೆ ಹೋಗಲಿಲ್ಲ ಆಂಟಿ? ನಿಮಗೆ ಎರಡೂ ಕಾಲು ಇದೆಯಲ್ಲ?" ಎಂದಳು.

"ಬಾಯಿ ಮುಚ್ಚು," ಎಂದಳು ಪುಷ್ಪಕ್ಕ. "ಅವರು ನಮ್ಮ ಮನೆಗೆ ಬಂದವರು. ಅವರನ್ನು ಕಳಿಸುವುದೇ?" ಬಂದವರು ಎಂದಳು, ತಂಗಚ್ಚಿ ಎನ್ನಲಿಲ್ಲ.

ಅತ್ತೆ ಊರಿಗೆ ಹೋದಳು. ನಾನು ರಜೆಯಲ್ಲಿ ಹುಂಚಕ್ಕೆ, ಅವಳ ಮನೆಗೆ, ಹೋದದ್ದು ಕಳೆದ ತಿಂಗಳು. ಪಕ್ಕದ ಮನೆಯ ಜಾನಕಮ್ಮ ಬಂದು ನನ್ನ ಗಲ್ಲ ಹಿಡಿದು, "ಅತ್ತೇನ ಉಳಿಸ್ಕಂಡು ಬಂದ ಗಟ್ಟಿಗಿತ್ತಿ ಇವ್ಳೇನಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ, "ಇವಳಲ್ಲ ಮಾರಾಯ್ತಿ, ಆ ಪುಷ್ಪ. ಇವಳು ದಾರೀಲೇ ನಿಂತಿದ್ಲು," ಎಂದಳು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು, ಅಷ್ಟೇ.

ಜಾನಕಮ್ಮನಿಗೆ ನನ್ನ ಮೋರೆ ನೋಡಿ ಕನಿಕರವಾಯಿತು. "ಒಳ್ಳೇದೇ ಮಾಡ್ದೆ ಬಿಡು. ಬಾಳಿ ಬದುಕೋ ಹುಡುಗಿ. ಅವ್ಳಿಗೆ ಹೆಂಗೂ ಒಂದು ಕಾಲು ಮೊದ್ಲೇ ಹೋಗಿತ್ತಲ್ಲ."

ನನ್ನ ಜನ, ನನ್ನ ಭಾಷೆ, ನನ್ನ ಮೇಲಿನ ಪ್ರೀತಿಯಿಂದಲೇ ಬಂದ ಮಾತು. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆ ಬೆಳಿಗ್ಗೆ ದಾರಿಯಲ್ಲಿ ನಿಂತಿದ್ದಾಗ ನನ್ನೊಳಗೆ ಹಾದುಹೋದದ್ದೂ ಇದೇ ಮಾತು. ಗಂಟಲು ಕಟ್ಟಿತ್ತು ಎಂದು ಅಲ್ಲಿಯವರಿಗೆ ಹೇಳಿದ್ದೆ. ಅದೂ ನಿಜವೇ. ಆದರೆ ಅವಳು ನನ್ನನ್ನು ಬದಿಗೆ ಸರಿಸಿದಾಗ ನಾನು ಸರಿದುಕೊಟ್ಟೆ.

ಅಷ್ಟರಲ್ಲಿ ಫೋನು ಬಂತು. ಪುಷ್ಪಕ್ಕ. "ತಂಗಚ್ಚಿ, ಮನೆಗೆ ಯಾವಾಗ ಬರ್ತೀ? ನಿನ್ನ ಕೋಣೆ ಗುಡಿಸಿಟ್ಟಿದೀನಿ."

"ಯಾರದೇ?" ಎಂದಳು ಜಾನಕಮ್ಮ.

"ಮನೆಯಿಂದ," ಎಂದೆ.

"ಹಾಗಾದ್ರೆ ಇದು ಎಂಥದೇ?" ಎಂದು ಅವಳು ನಕ್ಕಳು. ಅತ್ತೆ ನಗಲಿಲ್ಲ.

ನಾನು ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತು, ಗುರುವಾರ ಬರ್ತೀನಿ ಅಕ್ಕಾ ಎಂದೆ. ಜಾನಕಮ್ಮ ಏನೆಂದಳೋ ಅದನ್ನು ಹೇಳಲಿಲ್ಲ. ನಾನು ಏನೆಂದುಕೊಂಡಿದ್ದೆನೋ ಅದನ್ನೂ.