ಗೋಡೆಯ ಮೇಲೆ ಮೊಂಬಾಸಾ

ಇವತ್ತು ಬೆಳಗಿನಿಂದ ನಾನು ಮಾಡಿದ ಕೆಲಸ ಇಷ್ಟು. ಅಂಗಳ ಸಾರಿಸಿ ರಂಗೋಲಿ ಹಾಕಿದೆ. ನಳ ನಿಲ್ಲುವುದರೊಳಗೆ ಎರಡು ಹಂಡೆ ನೀರು ತುಂಬಿದೆ. ನಮ್ಮವರ ಕೋಟಿಗೆ ಗುಂಡಿ ಹಚ್ಚಿದೆ, ಅವರೆಕಾಯಿ ಸುಲಿದೆ, ಹಳೆಯ ಧೋತರ ಹರಿದು ಒರೆಸುವ ಬಟ್ಟೆ ಮಾಡಿದೆ. ಆಮೇಲೆ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು, ನಾನು ಸಮುದ್ರ ದಾಟಿ ಹೋಗಿದ್ದಕ್ಕೆ ಸಾಕ್ಷಿಯಾದ ಫೋಟೋ ತೂಗುಹಾಕಿದೆ. ಒಲೆ ಹಚ್ಚಿದ್ದು ಮಾತ್ರ ಈ ಪಟ್ಟಿಯಲ್ಲಿಲ್ಲ. ಇಪ್ಪತ್ತೆಂಟು ವರ್ಷ ನಾನೇ ಹಚ್ಚಿದ ಒಲೆಯನ್ನು ಮುಟ್ಟಕೂಡದೆಂದು ಅಪ್ಪಣೆಯಾಗಿ ಇಂದಿಗೆ ಹನ್ನೊಂದು ದಿನ.

ಪುಣೆಯ ಚಳಿ ಊರಿಗೆಲ್ಲ ಹಿತ, ನನ್ನ ಎದೆಗೆ ಮಾತ್ರ ಆಗದು. ದೀಪಾವಳಿಯ ಎಣ್ಣೆ ತಲೆಯಿಂದ ಇಳಿಯುವುದರೊಳಗೆ ಉಬ್ಬಸ ಹಿಡಿಯುತ್ತದೆ. ಹೋದ ಸಲ ಡಾಕ್ಟರರು ಒಂದು ಚಳಿಗಾಲವನ್ನಾದರೂ ಬೆಚ್ಚಗಿನ ಸಮುದ್ರದ ಗಾಳಿಯಲ್ಲಿ ಕಳೆಯಬೇಕೆಂದರು. ನನ್ನ ತಮ್ಮ ವೆಂಕಣ್ಣ ಮೊಂಬಾಸಾದ ರೈಲ್ವೆ ಕಚೇರಿಯಲ್ಲಿ ಕಾರಕೂನ. ರಜೆಗೆ ಬಂದಿದ್ದವನು, ಸಮುದ್ರ ತನ್ನ ಮನೆಯ ಬಾಗಿಲಲ್ಲೇ ಇದೆ, ನಡೆ ಅಂದ. ನಮ್ಮವರು ಶಾಲೆಯಲ್ಲಿ ಭೂಗೋಳ ಕಲಿಸುವವರು. ಇಪ್ಪತ್ತು ವರ್ಷದಿಂದ ಬೆತ್ತದ ತುದಿಯಿಂದ ಆಫ್ರಿಕಾ ಖಂಡವನ್ನು ತೋರಿಸುತ್ತ ಬಂದಿದ್ದಾರೆ. ತಮ್ಮ ಮನೆಯ ಒಬ್ಬರು ಅಲ್ಲಿ ಇಳಿಯಬಹುದು ಎಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಆದರೆ ಅವರಲ್ಲಿ ಒಂದು ಒಳ್ಳೆಯ ಗುಣವಿದೆ. ಯಾವುದನ್ನೂ ತಾವು ನಿಶ್ಚಯಿಸುವುದಿಲ್ಲ; ನಿಶ್ಚಯವಾದ ಮೇಲೆ, ತಮಗೂ ಮೊದಲಿನಿಂದ ಹಾಗೇ ಅನ್ನಿಸಿತ್ತು ಅನ್ನುತ್ತಾರೆ.

ಅಲ್ಲಿಯ ಬಿಸಿಲಿನ ಬಗ್ಗೆ ಏನು ಹೇಳಲಿ! ಪುಷ್ಯಮಾಸದಲ್ಲಿ ಹಪ್ಪಳ ಒಂದೇ ದಿನಕ್ಕೆ ಒಣಗಿದವು. ಹೆಂಗಸರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಕಿಲ್ಲ. ವೆಂಕಣ್ಣ ತನ್ನ ಡಬ್ಬಿ ಕ್ಯಾಮರಾವನ್ನು ನನ್ನ ಕೈಗಿತ್ತು ಮೂರು ಸೂತ್ರ ಕಲಿಸಿದ: ಸೂರ್ಯ ಬೆನ್ನಿಗಿರಲಿ, ಡಬ್ಬಿ ಹೊಟ್ಟೆಗಿರಲಿ, ಗುಂಡಿ ಒತ್ತುವಾಗ ಉಸಿರು ಹಿಡಿ. ಉಬ್ಬಸದವಳಿಗೆ ಉಸಿರು ಹಿಡಿ ಅಂದರೆ! ಮೊದಲ ವಾರ ನಾನು ತೆಗೆದ ಕೋಟೆ, ಹಡಗು, ತಮ್ಮನ ಹೆಂಡತಿ ಎಲ್ಲವೂ ಅಲುಗಾಡಿ, ಭೂಕಂಪದಲ್ಲಿ ಸಿಕ್ಕ ಹಾಗೆ ಕಾಣುತ್ತಿದ್ದವು. ನಾಲ್ಕನೆಯ ವಾರ ಒಂದು ಫೋಟೋ ಅಲುಗದೆ ಬಂತು. ಪಕ್ಕದ ಮನೆಯ ಫಾತುಮಾ ಹಿತ್ತಿಲಲ್ಲಿ ಕುಳಿತು ತೆಂಗಿನಕಾಯಿ ಹೆರೆಯುತ್ತಿದ್ದಳು. ಅವಳ ಹೆರೆಮಣೆ ತದ್ವತ್ ನಮ್ಮದೇ. ಮಣೆಯ ಮೇಲೆ ಕೂತು, ಮುಂದಿನ ಹಲ್ಲಿನ ಅಲಗಿಗೆ ಕಾಯಿ ತಿರುವುವ ಆ ಮೊಣಕೈಯ ವರಸೆಯೂ ನಮ್ಮದೇ. ಎಳೆಬಿಸಿಲು ನನ್ನ ಬೆನ್ನಿಗಿತ್ತು. ಹಾಗಾಗಿ ನನ್ನ ನೆರಳೂ, ತುರುಬು, ಅಗಲಿಸಿದ ಎರಡು ಮೊಣಕೈ ಸಮೇತ, ಅವಳ ಪಾದದ ತನಕ ಉದ್ದಕ್ಕೆ ಬಿದ್ದುಕೊಂಡಿತು. ಫೋಟೋ ಕೆಟ್ಟಿತು ಅಂದ ವೆಂಕಣ್ಣ. ನನಗೆ ಹಾಗನ್ನಿಸಲಿಲ್ಲ. ನನ್ನ ಎದೆ ವಾಸಿಯಾಯಿತು ಅನ್ನುವುದಕ್ಕೆ ಡಾಕ್ಟರರ ಚೀಟಿಗಿಂತ ದೊಡ್ಡ ಪುರಾವೆ ಅದು.

ಎರಡೂವರೆ ತಿಂಗಳ ಮೇಲೆ ಮನೆಗೆ ಬಂದರೆ, ನಾನು ಕಾಶಿಗೆ ಹೋಗಿ ಬಂದಿದ್ದೆ!

ಇದು ನಮ್ಮ ಅತ್ತೆಯವರ ಏರ್ಪಾಡು. ಸಮುದ್ರ ದಾಟಿದವಳೆಂದರೆ ಆಚಾರ್ಯರು ಪ್ರಾಯಶ್ಚಿತ್ತ ಹೇಳುತ್ತಾರೆ, ಅದು ಮುಗಿಯುವ ತನಕ ಸೊಸೆ ಅಡುಗೆಮನೆಯಿಂದ ಹೊರಗೆ. ಎಪ್ಪತ್ತೆರಡರ ಅತ್ತೆಗೆ ನನ್ನನ್ನು ಹೊರಗಿಡುವ ಮನಸ್ಸಿರಲಿಲ್ಲ. ಅದಕ್ಕೇ ನಾನು ತಮ್ಮನ ಜೊತೆ ಕಾಶಿಯಾತ್ರೆಯಲ್ಲಿದ್ದೇನೆ ಎಂದು ನಮ್ಮ ವಾಡೆಯ ಮನೆಗಳಿಗೆಲ್ಲ ಸಾರಿಬಿಟ್ಟಿದ್ದರು. ಮೊಹರು ಹಾಕಿದ ಗಂಗೆಯ ಗಿಂಡಿ ಎಲ್ಲಿಂದಲೋ ಬಂದಿತ್ತು, ಹಂಚುವುದಕ್ಕೆ ಕರಿಯ ಕಾಶಿದಾರವೂ ಬಂದಿತ್ತು, ಸಮಾರಾಧನೆಗೆ ದಿನವೂ ಗೊತ್ತಾಗಿತ್ತು. ಅವರು ನನ್ನಿಂದ ಕೇಳಿದ್ದು ಒಂದೇ: ಫೋಟೋಗಳನ್ನು ಟ್ರಂಕಿನ ತಳಕ್ಕೆ ಹಾಕು. ಹಾಕಿದೆ. ಪ್ರೀತಿಯಿಂದ ಹೇಳಿದ ಸುಳ್ಳಿಗೆ ಎದುರಾಡುವುದು ಕಷ್ಟ.

ಆದರೆ ಸುಳ್ಳಿನಲ್ಲಿ ವಿವರ ಇರುವುದಿಲ್ಲ, ನಾನೋ ವಿವರದ ಹೆಂಗಸು. ಕೆಳಗಿನ ಮನೆಯ ಮರಾಠಿ ಬಾಯಿ ಅಕ್ಕರೆಯಿಂದ, "ಕಾಯ ಹೋ ವಹಿನಿ, ಕಾಶೀಲಾ ಥಂಡೀ ಹೋತೀ ಕಾ?" ಎಂದು ಕಾಶಿಯ ಚಳಿಯನ್ನು ವಿಚಾರಿಸಿದರೆ, ಬೆವರಿ ಬಂದ ನಾನು ಏನು ಹೇಳಬೇಕು? ಆ ಬಾಯಿಯ ಮನೆಯ ನಡುಗೋಡೆಯಲ್ಲಿ ವಿಲಾಯತಿಗೆ ಹೋಗಿಬಂದ ಮೈದುನನ ಫೋಟೋ ಇದೆ: ಹ್ಯಾಟು, ಬೆತ್ತ, ಪಕ್ಕದಲ್ಲಿ ಸ್ಟೂಲಿನ ಮೇಲೆ ಹೂದಾನಿ. ಅವನು ಪಂಚಗವ್ಯ ಕುಡಿದು ಇನ್ನು ಹೋಗುವುದಿಲ್ಲ ಅಂದ, ಮರುದಿನ ಹ್ಯಾಟಿನ ಫೋಟೋಗೆ ಕಟ್ಟು ಹಾಕಿಸಿದ. ಗಂಡಸಿನ ಸಮುದ್ರ ಗೋಡೆಗೆ, ಹೆಂಗಸಿನ ಸಮುದ್ರ ಟ್ರಂಕಿಗೆ. ದಿನವೂ ತೆರೆದ ಬಾಗಿಲಲ್ಲಿ ಕಾಣುವ ಆ ಫೋಟೋದ ಮುಂದಿನಿಂದಲೇ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ.

ಸಮಾರಾಧನೆಯ ದಿನ ಅಡುಗೆ ನನ್ನ ಕೈಯದೇ. ಹೆಂಗಸರ ಪಂಕ್ತಿಯಲ್ಲಿ ಯಾತ್ರೆ ಮಾಡಿ ಬಂದವಳೆಂದು ನನ್ನನ್ನೂ ಕೂಡಿಸಿದರು. ಎದುರಿಗೆ ಅಂಬಕ್ಕ, ನಮ್ಮ ಪೇಟೆಯಲ್ಲಿ ನಿಜವಾಗಿ ಕಾಶಿ ಕಂಡ ಒಬ್ಬರೇ ಹೆಂಗಸು. ಕಾಶಿಯಲ್ಲಿ ಪ್ರೀತಿಯ ತರಕಾರಿಯೊಂದನ್ನು ಬಿಟ್ಟು ಬರುವುದು ಪದ್ಧತಿ. ಬಿಟ್ಟದ್ದನ್ನು ಸಾಯುವ ತನಕ ತಿನ್ನುವ ಹಾಗಿಲ್ಲ. ಅಂಬಕ್ಕ ಕೇಳಿಯೇಬಿಟ್ಟರು.

"ಏನ್ ಬಿಟ್ಟು ಬಂದ್ಯವಾ?"

ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯ ಬಾಗಿಲಿನಿಂದ ಅತ್ತೆ ಹೇಳಿದರು: "ಬದನೀಕಾಯಿ."

ಬಡಿಸುತ್ತಿದ್ದವಳು ಎಣ್ಣೆಗಾಯಿಯ ಪಾತ್ರೆ ಹಿಡಿದು ನನ್ನ ಎಲೆಯನ್ನು ದಾಟಿ ಮುಂದೆ ಹೋದಳು.

ಕಾಶಿಯನ್ನು ಕಾಣದೆ ಕಂಡೆ ಎನ್ನಬಲ್ಲೆ, ಗಂಗೆಯಲ್ಲಿ ಮುಳುಗದೆ ಮುಳುಗಿದೆ ಎನ್ನಬಲ್ಲೆ. ಆದರೆ ಉಳಿದ ಆಯುಷ್ಯದಲ್ಲಿ ಬದನೆಕಾಯಿ ಇಲ್ಲ! ಅದಕ್ಕಿಂತ ಹೆಚ್ಚಿನದೊಂದೂ ಹೊಳೆಯಿತು. ಈ ಸುಳ್ಳು ಒಂದು ದಿನದ್ದಲ್ಲ, ದಿನವೂ ನನ್ನ ಎಲೆಯ ಮುಂದೆ ಕೂರುವಂಥದು. ವಾಸಿಯಾಗಿ ಬಂದ ಎದೆಯಿಂದ ಪೂರ್ತಿ ಒಂದು ಉಸಿರು ತೆಗೆದುಕೊಂಡೆ.

"ಬದನೀಕಾಯಿ ಬಡಸು. ನಾ ಕಾಶಿಗೆ ಹೋಗಿಲ್ಲ, ಮೊಂಬಾಸಾಕ್ಕ ಹೋಗಿದ್ದೆ," ಅಂದೆ.

ಕೈ ತೊಳೆದು ಫೋಟೋಗಳನ್ನೂ ತಂದೆ. ಅಂಬಕ್ಕ ಅರ್ಧ ಊಟಕ್ಕೆ ಎದ್ದರು, ಇನ್ನಿಬ್ಬರು ಹಿಂದೆ ಹೋದರು. ಉಳಿದವರು ಎಡಗೈಯಲ್ಲಿ ಫೋಟೋ ಹಿಡಿದು, ಹೆರೆಮಣೆ ನೋಡಿ, ಇದು ನಮ್ಮದೇ ಅಲ್ಲವೇ ಎಂದು ಗುಸುಗುಸು ಮಾಡಿದರು. ಸಂಜೆಗೆ ಆಚಾರ್ಯರ ತೀರ್ಪು ಬಂತು. ಪ್ರಾಯಶ್ಚಿತ್ತವಾಗುವ ತನಕ ಒಲೆ ಮುಟ್ಟಬಾರದು. ನಾನು ಒಲ್ಲೆ ಅಂದೆ. ಪ್ರಾಯಶ್ಚಿತ್ತವೆಂದರೆ ಇನ್ನು ಮುಂದೆ ಮಾಡುವುದಿಲ್ಲ ಎಂಬ ಮಾತು. ಮುಂದಿನ ವರ್ಷವೂ ಚಳಿಗಾಲ ಬರುತ್ತದೆ. ಬರದ ಹಾಗೆ ಆಚಾರ್ಯರು ನೋಡಿಕೊಂಡರೆ ನಾನೂ ಹೋಗುವುದಿಲ್ಲ. ಈ ಉತ್ತರವನ್ನು ನಮ್ಮವರು ಅವರಿಗೆ ಮುಟ್ಟಿಸಿದರೋ ಇಲ್ಲವೋ ತಿಳಿಯದು. ಆಗಿನಿಂದ ನಮ್ಮವರು ಪತ್ರಿಕೆಯ ಮರೆಯಲ್ಲಿದ್ದಾರೆ.

ಹನ್ನೊಂದು ದಿನ ಅತ್ತೆಯೇ ಬೇಯಿಸಿದರು. ಕಣ್ಣು ಮಂಜು, ಹುಳಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಸಮಾರಾಧನೆಯ ದಿನದಿಂದ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ನಿನ್ನೆ ಮೊನ್ನೆ ನಮಗೆ ಬಡಿಸಿ ತಾವು ಉಣ್ಣಲೇ ಇಲ್ಲ. ಏಕಾದಶಿಯಲ್ಲ, ಅಜೀರ್ಣವಿರಬೇಕು ಅಂದುಕೊಂಡೆ. ಕೇಳಲು ನನ್ನ ಹಟ ಬಿಡಲಿಲ್ಲ. ಆ ಹಟದಲ್ಲೇ ಇವತ್ತು ಮೊಳೆ ಹೊಡೆದೆ.

ಮೊಳೆಯ ಸದ್ದಿಗೆ ಅತ್ತೆ ಪಡಸಾಲೆಗೆ ಬಂದರು. ಫೋಟೋಗೆ ಮೂಗು ತಗುಲುವಷ್ಟು ಹತ್ತಿರ ನಿಂತರು. ಇವಳು ಯಾರು ಎಂದು ಕೇಳಿದರು, ಹೇಳಿದೆ. ಕಾಯಿ ಹೆರೆಯುವುದು ನೋಡಿದರೆ ಚೊಕ್ಕ ಕೈಯವಳು ಎಂದರು. ಆಮೇಲೆ ಬೆರಳನ್ನು ನೆರಳಿನ ಮೇಲಿಟ್ಟರು.

"ಇದು ನೀನು."

"ಹೌದ್ರಿ."

"ಮಳ್ಳಿ, ಆಫ್ರಿಕಾಕ್ಕ ಹೋದ್ರೂ ತುರುಬು ಸೊಟ್ಟನ ಅದ." ಬೆರಳನ್ನು ಫೋಟೋದಿಂದ ತೆಗೆದರು. "ನಾ ಎರಡು ದಿನ ಉಪಾಸ ಮಾಡೇನಿ. ದೇವರ ಊರಿನ ಹೆಸರು ಹೇಳಿ ಸುಳ್ಳಾಡಿದಾಕಿ ನಾನು. ನಂದು ತೀರ್ತು. ಸಮುದ್ರದ್ದು ನೀನೂ ಆಚಾರ್ರೂ ನೋಡ್ಕೋರಿ. ನನಗ ಹಸಿವ್ಯಾಗ್ಯದ, ಹೋಗಿ ಒಲಿ ಹಚ್ಚು."

ನಾನು ಮಡಿಯುಟ್ಟು ಒಲೆ ಹಚ್ಚಿದೆ. ಎರಡು ದಿನ ಖಾಲಿಯಿದ್ದ ಹೊಟ್ಟೆಗೆಂದು ಅನ್ನ ಮೆತ್ತಗೆ ಮಾಡಿದೆ. ಮೇಲೆ ಹೆಸರುಬೇಳೆಯ ತೊವ್ವೆ, ತುಪ್ಪ, ಹುರಿದ ಸಂಡಿಗೆ, ಮಜ್ಜಿಗೆ. ಅತ್ತೆ ನನ್ನ ಕೈಯಿಂದ ಎರಡು ಸಲ ಅನ್ನ ಹಾಕಿಸಿಕೊಂಡರು. ಭಾನುವಾರವಾದ್ದರಿಂದ ನಮ್ಮವರೂ ಮನೆಯಲ್ಲಿದ್ದರು. ತೊವ್ವೆಯ ಮೊದಲ ತುತ್ತಿಗೆ ಪತ್ರಿಕೆ ಕೆಳಗಿಟ್ಟು, ಇದು ಹೀಗೇ ಆಗುತ್ತದೆಂದು ತಮಗೆ ಮೊದಲಿನಿಂದ ಅನ್ನಿಸಿತ್ತು ಎಂದರು, ಉಂಡಾದ ಮೇಲೆ ಅಲ್ಲೇ ತೂಕಡಿಸತೊಡಗಿದರು. ಆದರೂ ಮೊದಲು ನಿದ್ದೆ ಹೋದವರು ಅತ್ತೆ. ಪಡಸಾಲೆಯ ನಡುವೆ ಚಾಪೆ ಹಾಸಿಕೊಂಡು, ಆ ಗೋಡೆಯ ಕಡೆಗೇ ಮುಖ ಮಾಡಿ.