ಕಮಲಾಪುರಕ್ಕೆ ಬಂದ ಹೆಪ್ಪು

ನಾಗಪುರದ ಮನೆ ಖಾಲಿ ಮಾಡಿ ಎರಡು ದಿನವಾಯಿತು. ಹತ್ತೊಂಬತ್ತು ವರ್ಷದ ಮೇಲೆ ನನ್ನ ಗಂಡನಿಗೆ ನಮ್ಮ ರಾಜ್ಯಕ್ಕೇ, ಕಮಲಾಪುರಕ್ಕೆ ವರ್ಗವಾಗಿದೆ. ಕಲಬುರಗಿಯಲ್ಲಿ ರೈಲಿಳಿದು, ಬಸ್ಸು ಹತ್ತಿ ಕಮಲಾಪುರ ಮುಟ್ಟುವಷ್ಟರಲ್ಲಿ ಮೈಯೆಲ್ಲ ಹಿಂಡಿದಂತಾಗಿತ್ತು. ಸ್ವಂತ ಸೀಮೆಗೆ ಬಂದೆವೆಂದು ಇವರು ದಾರಿಯುದ್ದಕ್ಕೂ ಹೇಳುತ್ತಿದ್ದರು. ನಾನು ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದರಲ್ಲಿದ್ದದ್ದು ಪಕ್ಕದ ಮನೆಯ ಸುಧಾತಾಯಿ ಕೊಟ್ಟ ಹೆಪ್ಪು. ಅಷ್ಟು ವರ್ಷವೂ ನಮ್ಮಿಬ್ಬರ ಮನೆಯ ಮೊಸರು ಒಂದೇ ಹೆಪ್ಪಿನದು. ಒಬ್ಬರದು ಕೆಟ್ಟರೆ ಇನ್ನೊಬ್ಬರ ಬಾಗಿಲು ತಟ್ಟುತ್ತಿದ್ದೆವು. ಈ ಬಿಸಿಲಲ್ಲಿ ಅದು ಇವತ್ತು ಹಾಲು ಕಾಣದಿದ್ದರೆ ಮುಗಿಯಿತು.

ಬಸ್ ನಿಲ್ದಾಣದ ಎದುರು, ಕೆಂಪು ಬಾಳೆಗೊನೆ ತೂಗುಬಿಟ್ಟ ಚಹಾದಂಗಡಿಯ ಹೆಂಗಸನ್ನು ಉಗುರುಬೆಚ್ಚಗಿನ ಹಾಲು ಕೇಳಿ, ನಾಗಪುರದಿಂದ ಈ ಊರಿಗೇ ವರ್ಗವಾಗಿ ಬಂದದ್ದನ್ನೂ ಹಾಲು ಯಾತಕ್ಕೆಂದೂ ಹೇಳಿದೆ.

“ಯಾಕ್ರೀ ಅಕ್ಕಾ, ನಮ್ಮ ಊರಾಗ ಎಮ್ಮಿ ಇಲ್ಲಂತ ತಿಳದ್ರೇನು? ನಾಗಪುರದಿಂದ ಮೊಸರ ಹೊತಗೊಂಡ ಬಂದೀರಿ!”

ಇವರು ನಕ್ಕರು. ನನಗೆ ನಗು ಬರಲಿಲ್ಲ. ಆಕೆ ನನ್ನ ಮುಖ ನೋಡಿ, ಡಬ್ಬಿ ತೆಗೆದುಕೊಂಡು ಮೂಸಿದಳು.

“ಹುಳಿ ಆಗ್ಯಾದ, ಕೆಟ್ಟಿಲ್ಲ ತಗೋರಿ.”

ಮೇಲಿನ ಹುಳಿನೀರು ಬಸಿದಳು. ಹಾಲಿಗೆ ಬೆರಳದ್ದಿ ನೋಡಿ ಡಬ್ಬಿಗೆ ಒಂದು ಸೌಟು ಹಾಕುವ ಮೊದಲು, ಕೇಳದೆಯೇ ಒಂದು ಚಮಚ ಹೆಪ್ಪನ್ನು ತನ್ನ ಲೋಟಕ್ಕೆ ತೆಗೆದಿಟ್ಟುಕೊಂಡಳು. ನಾನು ಆ ಲೋಟವನ್ನೇ ನೋಡುತ್ತ ನಿಂತೆ.

“ಹಂಗ್ಯಾಕ ನೋಡ್ತೀರಿ? ನಾಳಿ ನಿಮ್ದು ಕೆಟ್ಟರ ಯಾರ ಬಾಗಲಿಗಿ ಹೋಗ್ತೀರಿ?”